ಕೊಯ್ನಾ ಕಣಿವೆಯ ಭೂಕಂಪಗಳು: ಬಗೆಹರಿಯದ ಒಗಟು



ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೃಷ್ಣೆಯನ್ನು ಕೂಡಿ, ಅವಳೊಡನೆ ಕರ್ನಾಟಕಕ್ಕೆ ಹರಿದುಬರುವ ನದಿ ಕೊಯ್ನಾ. ಇದಕ್ಕೆ ಕಟ್ಟಲಾದ 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1960ರ ದಶಕದ ಆರಂಭದಲ್ಲಿ ನೀರು ನಿಲ್ಲತೊಡಗಿತು. ಅದರ ಬೆನ್ನಲ್ಲೇ ಸುತ್ತಲಿನ ಊರುಗಳಲ್ಲಿ ಲಘು ಕಂಪನಗಳು ಅನುಭವಕ್ಕೆ ಬಂದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವೇ ಸಂಭವಿಸಿತು. ಕೊಯ್ನಾನಗರದ ಬಹುಪಾಲು ಮನೆಗಳು ಹಾನಿಗೊಂಡವು. 150ಕ್ಕೂ ಹೆಚ್ಚು ಮಂದಿ ಅಸುನೀಗಿದರು.

ದಖ್ಖನ್ ಪ್ರಸ್ಥಭೂಮಿಯು ಭೂಕಂಪಗಳ ಭೀತಿಯಿಲ್ಲದ ಸ್ಥಿರ ನೆಲವೆಂಬುದು ಅಂದಿನವರೆಗಿನ ತಿಳಿವಳಿಕೆಯಾಗಿತ್ತು. ಆ ತಿಳಿವಳಿಕೆಯನ್ನು ಮರುಪರಿಶೀಲಿಸುವುದು ಅನಿವಾರ್ಯವಾಯಿತು.

ಕಂಪನಕ್ಕೆ ಬೇಕಾದ ಶಕ್ತಿಯನ್ನು ಜಲಾಶಯವು ಸೃಷ್ಟಿಸುವುದಿಲ್ಲ. ಅದು ಶಿಲಾಸ್ತರಗಳಲ್ಲಿ ಮೊದಲೇ ಶೇಖರವಾಗಿರುತ್ತದೆ. ನೀರಿನ ಭಾರವು ಈ ಸ್ತರಗಳನ್ನು ಒತ್ತುತ್ತದೆ. ಬಿರುಕುಗಳ ಮೂಲಕ ಆಳಕ್ಕಿಳಿದ ನೀರು ಒಳಗಿನ ಒತ್ತಡವನ್ನು ಹೆಚ್ಚಿಸುತ್ತದೆ. ಆಗ ಜಾರಲು ಸಿದ್ಧವಾಗಿದ್ದ ಬಂಡೆಗಳು ಜಾರುತ್ತವೆ. ಇಷ್ಟನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದಾರೆ.

ಒಗಟು ಇರುವುದು ಇದರ ಮುಂದೆ. ಜಗತ್ತಿನ ಬಹುತೇಕ ದೊಡ್ಡ ಜಲಾಶಯಗಳಲ್ಲಿ ಇಂತಹ ಭೂಕಂಪಗಳೇ ಆಗಿಲ್ಲ. ಆದ ಹಲವೆಡೆ ಕೆಲವು ವರ್ಷಗಳಲ್ಲಿ ಶಮನಗೊಂಡಿವೆ. ಕೊಯ್ನಾದಲ್ಲಾದರೋ ಅರ್ಧ ಶತಮಾನ ಕಳೆದರೂ, ಸುಮಾರು 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಕಿರಿದಾದ ಪ್ರದೇಶದಲ್ಲಿಯೇ ಅವು ಮರುಕಳಿಸುತ್ತಿವೆ. ಏಕೆ? ಮುಂದಿನದು ಯಾವಾಗ? ಈ ಪ್ರಶ್ನೆಗಳಿಗೆ ಖಚಿತವಾದ ಉತ್ತರ ಇನ್ನೂ ದೊರೆತಿಲ್ಲ.

ಉತ್ತರವನ್ನು ನೆಲದಾಳದಲ್ಲಿಯೇ ಅರಸುವ ಪ್ರಯತ್ನ ನಡೆದಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯವು ಕರಾಡದಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಾಲಯವನ್ನು ಸ್ಥಾಪಿಸಿದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಹುಕಾಲದಿಂದ ಈ ಅಧ್ಯಯನದಲ್ಲಿ ತೊಡಗಿದ್ದಾರೆ. 2017ರಲ್ಲಿ ಸುಮಾರು 3 ಕಿಲೋಮೀಟರ್ ಆಳದ ಕೊಳವೆ ರಂಧ್ರವನ್ನು ಕೊರೆಯಲಾಯಿತು. ಒಂದು ಕಿಲೋಮೀಟರಿಗೂ ಮಿಗಿಲಾದ ದಪ್ಪದ ಕರಿಗಲ್ಲಿನ ಪದರಗಳನ್ನು ದಾಟಿ, ಅದು ಪುರಾತನ ಗ್ರಾನೈಟ್ ಶಿಲೆಯನ್ನು ತಲುಪಿತು.

ಮಹನೀಯರೇ, ಭೂಕಂಪದ ದಿನ ಮತ್ತು ಗಳಿಗೆಯನ್ನು ಮುಂಚಿತವಾಗಿ ಹೇಳಬಲ್ಲ ವಿಧಾನ ಇಂದು ಯಾರಲ್ಲಿಯೂ ಇಲ್ಲ. ಆದುದರಿಂದ ಇಂಥ ದಿನ ಭೂಮಿ ನಡುಗುವುದೆಂದು ಯಾರಾದರೂ ಸಾರಿದರೆ ಅದನ್ನು ನಂಬಬೇಡಿ, ಹರಡಲೂಬೇಡಿ. ಆದರೆ ಪ್ರಾಣ ಉಳಿಸುವ ಮಾರ್ಗ ನಮಗೆ ತಿಳಿದಿದೆ. 1993ರ ಸೆಪ್ಟೆಂಬರ್ 30ರಂದು ಲಾತೂರ್ ಪ್ರದೇಶದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಮುಖ್ಯವಾಗಿ ಕಲ್ಲುಮಣ್ಣಿನ ದಪ್ಪ ಗೋಡೆಗಳ ಕುಸಿತ. ಮನೆ ಕಟ್ಟುವಾಗ ತಳಪಾಯ, ಬಾಗಿಲು-ಕಿಟಕಿಗಳ ಮೇಲ್ಭಾಗ ಮತ್ತು ಚಾವಣಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬಿಗಿಯುವ, ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ಪಟ್ಟಿ ಹಾಕಿಸಿರಿ. ಭಾರವಾದ ಕಪಾಟುಗಳನ್ನು ಗೋಡೆಗೆ ಭದ್ರಪಡಿಸಿರಿ. ಕಂಪನವಾದಾಗ ಗಟ್ಟಿ ಮೇಜಿನಡಿ ಆಶ್ರಯ ಪಡೆಯಿರಿ, ಲಿಫ್ಟ್ ಬಳಸಬೇಡಿ.

ವಿಜ್ಞಾನವು ಕೊಯ್ನಾದ ಒಗಟನ್ನು ಬಿಡಿಸುವವರೆಗೆ ಕಾಯಬಹುದು. ಗೋಡೆಯನ್ನು ಬಲಪಡಿಸುವ ಕೆಲಸ ಕಾಯಲಾರದು.