ಹೆಡ್ ಹೋಯ್ತು ಅನ್ನುವ ಮೊದಲು



ಮುದ್ರಣ ಯಂತ್ರಗಳ ಪ್ರದರ್ಶನಕ್ಕೆ ಬಂದವರು ಮೊದಲು ಕೇಳುವುದು ಗಂಟೆಗೆ ಎಷ್ಟು ಚದರ ಅಡಿ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಯಂತ್ರಗಳ ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡು ಬಂದ ನನಗೆ ಮಾತಾಡಬೇಕು ಅನ್ನಿಸುವುದು ನಿಮ್ಮ ಅಂಗಡಿಯಲ್ಲಿ ಈಗಾಗಲೇ ಓಡುತ್ತಿರುವ ಯಂತ್ರದ ಬಗ್ಗೆ. ಪ್ರಿಂಟ್‌ನಲ್ಲಿ ಒಂದು ಬಿಳಿ ಗೆರೆ ಕಂಡರೆ ಸಾಕು, ‘ಹೆಡ್ ಹೋಯ್ತು’ ಅಂತ ಫೋನ್ ಬರುತ್ತದೆ. ಹೋಗಿ ನೋಡಿದರೆ ಬಹಳಷ್ಟು ಸಲ ಹೆಡ್ ಚೆನ್ನಾಗೇ ಇರುತ್ತದೆ.

ಇಂಕ್ ಚಿಮ್ಮಿಸುವ ಆ ಪ್ರಿಂಟ್ ಹೆಡ್ ಎಂಥ ವಸ್ತು ಅಂತ ಸ್ವಲ್ಪ ನೋಡಿ. ನಮ್ಮಲ್ಲಿ ಬಹಳ ಜನ ಬಳಸಿದ ಎಪ್ಸನ್ ಡಿಎಕ್ಸ್5 ಹೆಡ್‌ನಲ್ಲಿ 8 ಸಾಲು, ಸಾಲಿಗೆ 180ರಂತೆ ಒಟ್ಟು 1,440 ನಾಝಲ್. ಒಂದೊಂದೂ ಕೂದಲೆಳೆಗಿಂತ ಸಣ್ಣ ತೂತು. ಅದರ ಹಿಂದೆ ಪೀಝೋ ಪದರ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರಲ್ಲ, ಇಲ್ಲಿ ಅದೇ ಗುಣ ತಿರುವುಮುರುವಾಗಿ ದುಡಿಯುತ್ತದೆ: ವಿದ್ಯುತ್ ಕೊಟ್ಟಾಗ ಪದರ ಬಾಗಿ, ಹನಿ ಚಿಮ್ಮುತ್ತದೆ. ಇಷ್ಟು ಸೂಕ್ಷ್ಮವಾದ ಹೆಡ್‌ಗೆ ಸಿರಿಂಜ್ ಚುಚ್ಚಿ ಜೋರಾಗಿ ಒತ್ತಿ ತೊಳೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಳಿಯಬೇಕಾದ ಹೆಡ್ ಸಾಯುವುದು ಅಲ್ಲೇ. ಸಾಲ್ವೆಂಟ್ ಹೆಡ್‌ಗೆ ನೀರೂ ಬೇಡ, ಪೇಂಟ್ ಅಂಗಡಿಯ ಥಿನ್ನರೂ ಬೇಡ. ಇಂಕ್ ಕಂಪನಿಯವರು ಹೇಳಿದ ಕ್ಲೀನಿಂಗ್ ಲಿಕ್ವಿಡ್ ಮಾತ್ರ ಹಾಕಿ.

ಬೆಳಿಗ್ಗೆ ಯಂತ್ರ ಆನ್ ಮಾಡಿದ ಕೂಡಲೇ ನಾಝಲ್ ಚೆಕ್ ತೆಗೆಯುತ್ತೀರಿ. ಅದನ್ನು ನೋಡಿ ಕಸದ ಬುಟ್ಟಿಗೆ ಹಾಕಬೇಡಿ. ದಿನಾಂಕ ಬರೆದು ಗೋಡೆಗೆ ಅಂಟಿಸಿ, ನಿನ್ನೆಯದರ ಪಕ್ಕ ಇವತ್ತಿನದು. ಇಷ್ಟು ಮಾಡಿದರೆ ಅರ್ಧ ದೋಷ ತಾನಾಗಿ ಬಾಯಿ ಬಿಡುತ್ತದೆ. ಪ್ರತಿ ಸಲ ಅದೇ ಜಾಗದಲ್ಲಿ ಅದೇ ಗೆರೆ ಕಾಣೆಯಾಗಿದೆಯೇ? ಆ ನಾಝಲ್‌ನಲ್ಲಿ ಇಂಕ್ ಒಣಗಿರಬಹುದು. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಎಂದು ಜಾಗ ಬದಲಾಗುತ್ತಿದೆಯೇ? ಹಾಗಾದರೆ ಪೈಪಿಗೆ ಗಾಳಿ ಸೇರಿದೆ, ಇಲ್ಲವೇ ಹೆಡ್‌ಗೆ ಇಂಕ್ ಹಾಯುವ ಡ್ಯಾಂಪರ್ ಕಟ್ಟಿಕೊಂಡಿದೆ. ಚೆಕ್ ಪೂರ್ತಿ ಬಂದು, ಪ್ರಿಂಟ್ ಅರ್ಧಕ್ಕೆ ಬಂದಾಗ ಬಣ್ಣ ಸೊರಗಿದರೆ ಹೆಡ್‌ಗೆ ಇಂಕ್ ಸಾಲುತ್ತಿಲ್ಲ. ಫಿಲ್ಟರ್ ಕಡೆ ಕೈ ಹಾಕಿ. ಹಳದಿಯೊಳಗೆ ಕಪ್ಪು ಬೆರೆಯುತ್ತಿದ್ದರೆ ಹೆಡ್ ತಂಗುವ ಕ್ಯಾಪಿಂಗ್ ಸ್ಟೇಷನ್ ಮತ್ತು ಹೆಡ್ ಒರೆಸುವ ವೈಪರ್ ನೋಡಿ. ಕ್ಯಾಪ್‌ನ ರಬ್ಬರ್ ಅಂಚಿಗೆ ಇಂಕ್ ಗಟ್ಟಿಯಾಗಿ ಹತ್ತಿದ್ದರೆ ಅದು ಹೆಡ್‌ಗೆ ಸರಿಯಾಗಿ ಕೂರುವುದಿಲ್ಲ. ಆಗ ಹತ್ತು ಸಲ ಕ್ಲೀನಿಂಗ್ ಕೊಟ್ಟರೂ ಪಂಪ್ ಎಳೆಯುವುದು ಬರೀ ಗಾಳಿ. ರಾತ್ರಿಯಿಡೀ ಹೆಡ್ ಒಣಗುವುದೂ ಆ ಸಂದಿಯಿಂದಲೇ.

ನಾಝಲ್ ಎಲ್ಲ ಸರಿ ಇದ್ದೂ ಪಟ್ಟೆ ಬಂದರೆ ಫೀಡ್ ನೋಡಿ. ಎರಡು ಪಾಸ್‌ಗಳ ನಡುವೆ ಕಪ್ಪು ಗೆರೆಯಾದರೆ ಮೀಡಿಯಾ ಕಡಿಮೆ ಸರಿಯುತ್ತಿದೆ, ಬಿಳಿ ಗೆರೆಯಾದರೆ ಹೆಚ್ಚು ಸರಿಯುತ್ತಿದೆ. ಕ್ಯಾರೇಜ್ ಗಕ್ಕನೆ ನಿಂತರೆ, ಹೋಗಿ ಬದಿಗೆ ಬಡಿದರೆ, ಬೋರ್ಡ್ ಬದಲಿಸುವ ಮೊದಲು ಎನ್‌ಕೋಡರ್ ಸ್ಟ್ರಿಪ್ ಒರೆಸಿ. ಆ ಪಾರದರ್ಶಕ ಪಟ್ಟಿಯ ಮೇಲೆ ಕೂತ ಇಂಕಿನ ಮಂಜು ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದನ್ನೇ ಮರೆಸುತ್ತದೆ. ಇನ್ನು ಅರ್ಥಿಂಗ್. ಅರ್ಥಿಂಗ್ ಇಲ್ಲದೆ ಲಕ್ಷಾಂತರ ರೂಪಾಯಿಯ ಯಂತ್ರ ಓಡಿಸುವವರು ಇಂದಿಗೂ ಇದ್ದಾರೆ. ಒಣ ಹವೆಯಲ್ಲಿ, ಮಾರ್ಚ್ ಬಿಸಿಲಿನಲ್ಲಿ, ಮೀಡಿಯಾದ ಮೇಲೆ ಸ್ಥಿರ ವಿದ್ಯುತ್ ಕೂತು ಹನಿ ದಾರಿ ತಪ್ಪುತ್ತದೆ, ಮೀಡಿಯಾ ಧೂಳನ್ನೂ ಎಳೆದುಕೊಳ್ಳುತ್ತದೆ. ಮತ್ತೊಂದು ಮಾತು: ಪವರ್ ಆನ್ ಇರುವಾಗ ಹೆಡ್ ಕೇಬಲ್ ಮುಟ್ಟಲೇಬೇಡಿ, ಇಂಕ್ ತಾಗಿದ ಕೇಬಲ್ಲನ್ನು ವಾಪಸ್ ಹಾಕಬೇಡಿ.

ಈ ಮಾತು ಈಗ ಯಾಕೆ ಇಷ್ಟು ಮುಖ್ಯ ಎಂದರೆ ನಮ್ಮ ಕೆಲಸವನ್ನು ಜನ ನೋಡುವ ದೂರವೇ ಬದಲಾಗಿದೆ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಸೇರಿತು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ರಸ್ತೆಗಳಿಂದ ಬ್ಯಾನರ್‌ಗಳು ಕೆಳಗಿಳಿದವು. ಕಂಬದ ಮೇಲಿನ ಫ್ಲೆಕ್ಸ್‌ನಲ್ಲಿ ಸಣ್ಣ ಪಟ್ಟೆ ಇದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಈಗ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆ, ಆ ಅಂಗಡಿ ಬೋರ್ಡ್‌ಗಳಾದರೋ ಕಣ್ಣೆದುರಿಗೇ ಇರುತ್ತವೆ. ಹೋಗುವ ಪಾಸ್ ಮತ್ತು ಬರುವ ಪಾಸ್ ಒಂದಕ್ಕೊಂದು ಕೂಡದಿದ್ದರೆ ಮೊದಲು ಕೆಡುವುದು ನಮ್ಮ ಒತ್ತಕ್ಷರ. ‘ಸ್ತ್ರ’ದ ಕೆಳಗಿನ ಸಣ್ಣ ಸುರುಳಿಗೆ ನೆರಳು ಮೂಡಿ ಎರಡೆರಡಾಗಿ ಕಾಣುತ್ತದೆ. ಬೈ-ಡೈರೆಕ್ಷನ್ ಕ್ಯಾಲಿಬ್ರೇಷನ್ ಮಾಡುವಾಗ ಇಂಗ್ಲಿಷ್ ಟೆಸ್ಟ್ ಗೆರೆ ಒಂದೇ ಸಾಲದು, ಒಂದು ಸಾಲು ಕನ್ನಡವನ್ನೂ ಹೊಡೆದು ನೋಡಿ. ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದ ಕಲಾವಿದರು ಆ ಸುರುಳಿಗಾಗಿ ಉಸಿರು ಬಿಗಿಹಿಡಿಯುತ್ತಿದ್ದರು. ಅವರ ಜಾಗದಲ್ಲಿ ಕೂತ ಯಂತ್ರದಿಂದ ನಾವು ಅಷ್ಟನ್ನಾದರೂ ಕೇಳಬೇಕು.

ಮಾಲೀಕರಲ್ಲಿ ಒಂದು ಬಿನ್ನಹ. ಹೆಡ್‌ಗೆ ಎಸಿ ಹಾಕುತ್ತೀರಿ, ಸಂತೋಷ. ಆ ಕೋಣೆಯಲ್ಲಿ ಇಡೀ ದಿನ ಸಾಲ್ವೆಂಟ್ ವಾಸನೆ ಕುಡಿಯುವ ಹುಡುಗನಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಗ್ಲೌಸ್ ಕೊಡಿ. ವೇಸ್ಟ್ ಇಂಕನ್ನು ಚರಂಡಿಗೆ ಸುರಿಯಬೇಡಿ. ಯಂತ್ರ ಕೊಳ್ಳುವಾಗ ಬರುವ ಟ್ರೈನಿಂಗ್‌ಗೆ ನೀವಷ್ಟೇ ಹೋಗಬೇಡಿ, ಅವನನ್ನೂ ಕೂರಿಸಿ.

ಇವತ್ತು ಮಳಿಗೆಗಳಲ್ಲಿ ವೇಗ ಕೇಳಿದ ಮೇಲೆ ಇನ್ನೂ ಕೆಲವನ್ನು ಕೇಳಿ: ಡ್ಯಾಂಪರ್, ಕ್ಯಾಪ್ ಇಲ್ಲಿ ಸ್ಟಾಕ್ ಇದೆಯೇ, ಬೆಲೆ ಎಷ್ಟು, ಸರ್ವಿಸ್‌ನವರು ಯಾವ ಊರಿಂದ ಬರುತ್ತಾರೆ, ಬಿಳಿ ಇಂಕ್ ಇದ್ದರೆ ಅದು ತಳಕ್ಕೆ ಕೂರದಂತೆ ತಿರುಗಿಸುವ ವ್ಯವಸ್ಥೆ ಇದೆಯೇ. ಕವರ್ ತೆಗೆಸಿ ಕ್ಯಾಪಿಂಗ್ ಸ್ಟೇಷನ್ ಕೈಗೆ ಸುಲಭವಾಗಿ ಸಿಗುತ್ತದೆಯೇ ಎಂದು ನೀವೇ ನೋಡಿ. ಮಧ್ಯಾಹ್ನ ನಾನೂ ಇಲ್ಲೇ ಇರುತ್ತೇನೆ. ತೊಂದರೆ ಕೊಡುತ್ತಿರುವ ಯಂತ್ರದ ನಾಝಲ್ ಚೆಕ್ ತಂದವರು ತೋರಿಸಿ, ಕೂತು ನೋಡೋಣ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಬಹಳ ಸಂತೋಷದಿಂದ ಹೇಳುತ್ತೇನೆ. ಎಲ್ಲರೂ ಒಳಗೆ ಬನ್ನಿ.