ನಾಮಿನಿಯೂ ವಾರಸುದಾರರೂ



ಬ್ಯಾಂಕಿನ ಗುಮಾಸ್ತರಾದ ನಾವು ಕೀಲ್ಪಾಕಿನ ಈ ಸಭೆಯಲ್ಲಿ ನಮ್ಮ ಮೇಜಿನ ಮಾತನ್ನೇ ಆಡುತ್ತೇವೆ. ಒಂದೇ ಲಿಂಗದ ಸಂಗಾತಿಗಳು ಜಂಟಿ ಖಾತೆ ತೆರೆಯಬಹುದು, ಪರಸ್ಪರ ನಾಮಿನಿಗಳಾಗಬಹುದು ಎಂದು ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಸಂತೋಷವೇ. ಆದರೆ ನಾಮಿನಿ ಹಣ ಪಡೆಯುವವರೇ ಹೊರತು ಒಡೆಯರಲ್ಲ. ಉಯಿಲಿಲ್ಲದಿದ್ದರೆ ಹಣ ವಾರಸುದಾರರದು. ಸಂಗಾತಿ ವಾರಸುದಾರರಾಗಲು ಮದುವೆ ಬೇಕು. ಅಂಥ ಮದುವೆಗೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಇಬ್ಬರೂ ಕೂಡಿ ದತ್ತು ಪಡೆಯುವ ಹಕ್ಕನ್ನು ಐವರಲ್ಲಿ ಮೂವರು ನ್ಯಾಯಾಧೀಶರು ನಿರಾಕರಿಸಿದರು. ಇಬ್ಬರು ಸಾಕಿದ ಮಗುವಿಗೆ ಕಾಗದದಲ್ಲಿ ಒಬ್ಬರೇ ದಿಕ್ಕು.

ನಮ್ಮ ಮದರಾಸು ಹೈಕೋರ್ಟು 2025ರ ಮೇ ತಿಂಗಳಲ್ಲಿ, ಸಂಸಾರ ಕಟ್ಟಲು ಮದುವೆಯೊಂದೇ ದಾರಿಯಲ್ಲವೆಂದಿತು. ಊರು ಬಿಟ್ಟು ಬಂದು ನೆರೆಯವರನ್ನೇ ಬಂಧುಗಳಾಗಿಸಿಕೊಂಡ ನಮಗೆ ಇದು ಅರ್ಥವಾಗದ ಮಾತಲ್ಲ. ಶಾಸನ ಬರುವವರೆಗೆ, ನಾಮಿನಿ ಫಾರಂ ಕೊಡುವಾಗ ‘ಉಯಿಲನ್ನೂ ಬರೆದಿಡಿ’ ಎನ್ನುವುದು ನಮ್ಮ ಕರ್ತವ್ಯ.