ಕ್ಯಾಮೆರಾ ಕೆಲಸದ ಕಡೆಗೆ ತಿರುಗಲಿ



ಬೆಂಗಳೂರಿನ ಬೈಯಪ್ಪನಹಳ್ಳಿ ದುಡಿಮೆಯ ಊರು. ಟ್ರಾನ್ಸ್‌ಫಾರ್ಮರು, ಮೋಟಾರು ತಯಾರಿಸುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ ಇದ್ದದ್ದು ಇಲ್ಲಿಯೇ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ಮಾರ್ಗ ತೆರೆದದ್ದು ಇಲ್ಲಿಗೂ ಎಂ.ಜಿ. ರಸ್ತೆಗೂ ನಡುವೆ. ಕಾರ್ಖಾನೆಯಾಗಲಿ, ಮೆಟ್ರೊ ಡಿಪೋ ಆಗಲಿ, ಹೊಸಬರು ಕೆಲಸ ಕಲಿಯುವುದು ಬಲ್ಲವರ ಪಕ್ಕದಲ್ಲಿ ನಿಂತು. ಕಲಿಸುವವರ ಕಣ್ಣು ಕಲಿಯುವವರ ಕೈಯ ಮೇಲಿರುತ್ತದೆ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ.

2020ರ ನಂತರ ವಿಡಿಯೊ ಕಾನ್ಫರೆನ್ಸ್ ಎಲ್ಲ ಕಡೆಗೂ ಬಂತು. ಆದರೆ ಅನೇಕ ಕಡೆ ನಾವು ಹಳೆಯ ಉಪನ್ಯಾಸವನ್ನೇ ಪರದೆಗೆ ಏರಿಸಿದೆವು. ತರಬೇತುದಾರರ ಮುಖ, ಅವರ ಸ್ಲೈಡು ಎಲ್ಲರಿಗೂ ಕಂಡವು. ಕಲಿಯುವವರ ಕೆಲಸ ಯಾರಿಗೂ ಕಾಣಲಿಲ್ಲ. ದೂರದಿಂದ ಕಲಿಸುವಾಗ ಕ್ಯಾಮೆರಾ ಮೊದಲು ತಿರುಗಬೇಕಾದದ್ದು ಕಲಿಯುವವರ ಕೆಲಸದ ಕಡೆಗೆ. ತರಬೇತುದಾರರ ಈ ಸಂಕಿರಣದ ಮುಂದೆ ನಾನು ಇಡುವ ಆಶಯ ಇಷ್ಟೇ.

ದೂರದಿಂದ ಕಲಿಸುವ ದಾರಿಯಲ್ಲಿ ಕರ್ನಾಟಕ ಬಹಳ ಹಿಂದೆಯೇ ಹೆಜ್ಜೆ ಇಟ್ಟಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿತು, ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಶಿಕ್ಷಕರಿಗೂ ತರಬೇತಿ ಸಿಕ್ಕಿತು, ಆದರೆ ಟಿ.ವಿ.ಗೆ ಪ್ರಶ್ನೆ ಕೇಳುವಂತಿರಲಿಲ್ಲ. ಮುಂದೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಪ್ರತಿನಿಧಿಗಳಿಗೆ ಉಪಗ್ರಹ ತರಬೇತಿ ಕೊಟ್ಟಾಗ, ನೋಡುವವರು ಫೋನಿನಲ್ಲಿ ಪ್ರಶ್ನೆ ಕೇಳುವಂತಾಯಿತು. ಇಂದು ಎರಡೂ ಕಡೆಯ ಚಿತ್ರ, ಎರಡೂ ಕಡೆಯ ದನಿ ಕೈಯೊಳಗಿನ ಫೋನಿನಲ್ಲೇ ಇವೆ.

ಈ ಎರಡೂ ಕಡೆಯ ಸಂಪರ್ಕವನ್ನು ಸರಿಯಾಗಿ ಬಳಸಿದ ಮಾದರಿ ನಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಆರಂಭಿಸಿದ 'ಎಕೊ' ಪದ್ಧತಿಯನ್ನು ಅದು ಅಳವಡಿಸಿಕೊಂಡಿತು. 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನೇ ಸ್ಥಾಪಿಸಿತು. ಈ ಪದ್ಧತಿಯಲ್ಲಿ ದೂರದ ವೈದ್ಯರು ತಾವು ನೋಡುತ್ತಿರುವ ರೋಗಿಯ ಸಮಸ್ಯೆಯನ್ನು, ಹೆಸರು ಹೇಳದೆ, ಮುಂದಿಡುತ್ತಾರೆ. ಉಳಿದ ವೈದ್ಯರೂ ತಜ್ಞರೂ ಅದನ್ನು ಚರ್ಚಿಸುತ್ತಾರೆ. ನಿಮ್ಹಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರೋಗಿಯನ್ನು ಪರೀಕ್ಷಿಸುತ್ತಿರುವಾಗಲೇ ಮನೋವೈದ್ಯರು ವಿಡಿಯೊದಲ್ಲಿ ಜೊತೆಗಿದ್ದು ಕಲಿಸಿದರು. ಪಕ್ಕದಲ್ಲಿ ನಿಂತು ಕಲಿಸುವ ಹಳೆಯ ಕ್ರಮ ಹೀಗೆ ದೂರವನ್ನು ದಾಟಿತು.

ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಮ್ಮ ಮೆಟ್ರೊದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಅಂಥ ಕಡೆ ವಿದ್ಯುತ್ ಕಡಿತಗೊಳಿಸಿ, ಪರೀಕ್ಷಿಸಿ, ಅರ್ತಿಂಗ್ ಮಾಡುವುದನ್ನು ಮೇಲ್ವಿಚಾರಕರ ಎದುರಿಗೇ ಕಲಿಯಬೇಕು. ಪರದೆ ಅದಕ್ಕೆ ಬದಲಿಯಲ್ಲ. ನಿಯಮಗಳ ವಿವರಣೆ, ಹಿಂದಿನ ಅವಘಡಗಳ ವಿಶ್ಲೇಷಣೆ, ಕೆಲಸ ಮುಗಿದ ಮೇಲಿನ ಪರಾಮರ್ಶೆ ಇವಕ್ಕೆ ವಿಡಿಯೊ ಒದಗುತ್ತದೆ. ಹಾಗೆಯೇ, ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಿಗ್ಗೆ ಹತ್ತಕ್ಕೆ ಪರದೆಯ ಮುಂದೆ ಕೂರಿಸುವುದು ತರಬೇತಿಯಲ್ಲ, ದಂಡನೆ. ಕಲಿಕೆಯ ಹೊತ್ತು ಪಾಳಿಯ ಒಳಗೇ, ಸಂಬಳದ ಸಮಯದಲ್ಲೇ ಇರಬೇಕು.

ಬೇರೆ ಊರಿನ ತಜ್ಞರು ಇಂಗ್ಲಿಷಿನಲ್ಲಿ ಕಲಿಸುವಾಗ ನಮ್ಮ ಕೆಲಸಗಾರರು ಮ್ಯೂಟ್ ತೆಗೆಯಲು ಹಿಂಜರಿಯುತ್ತಾರೆ. ಆ ಮೌನವನ್ನು ಒಪ್ಪಿಗೆಯೆಂದು ಓದಬಾರದು. ಕೆಲಸದ ಜಾಗದಲ್ಲಿ ಕನ್ನಡ ಬಲ್ಲ ಅನುಭವಿಯೊಬ್ಬರು ನಿಂತು ಪ್ರಶ್ನೆಗಳನ್ನು ಎತ್ತಿಕೊಡಲಿ. ಒಂದು ಗುಂಪಿನಲ್ಲಿ ಎಲ್ಲರ ಕೆಲಸವೂ ಕಾಣುವಷ್ಟೇ ಜನರಿರಲಿ.

ಇಂದಿನ ಗೋಷ್ಠಿಗಳಿಗೆ ನನ್ನ ಕೋರಿಕೆ ಒಂದು. ಎಷ್ಟು ಜನ ಲಾಗಿನ್ ಆದರು ಎಂಬ ಲೆಕ್ಕ ಬಿಟ್ಟು, ತಿಂಗಳ ನಂತರ ಎಷ್ಟು ಜನ ಆ ಕೆಲಸವನ್ನು ಯಾರ ನೆರವೂ ಇಲ್ಲದೆ, ಸುರಕ್ಷಿತವಾಗಿ ಮಾಡಿದರು ಎಂದು ಅಳೆಯುವ ಕ್ರಮವನ್ನು ರೂಪಿಸಿ. ಸಂಜೆಯೊಳಗೆ ಅಂಥದೊಂದು ಕರಡು ಸಿದ್ಧವಾದರೆ ಈ ಸಂಕಿರಣ ಸಾರ್ಥಕ.